ಮಜ್ಜಿಗೆ ಕುಡಿದ ಮಣ್ಣು

ಹುಸೇನಮಿಯಾ ವಸ್ತಾದನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಇರದೆ ಏನು ಮಾಡೀತು? ಚಿಕ್ಕೋಡಿಯ ನಟ್ಟನಡುವಿನ ಕುಸ್ತಿ ಮೈದಾನದಲ್ಲಿ ಎರಡು ತಲೆಮಾರಿನ ಪೈಲವಾನರನ್ನು ತಿದ್ದಿ ತೀಡಿದವನು ಅವನು. ಅದೇ ಮೈದಾನದಲ್ಲಿ ನಾಟಕ ಆಡುತ್ತಿದ್ದರು, ಕಬಡ್ಡಿ ಆಡುತ್ತಿದ್ದರು, ಭಾಷಣವನ್ನೂ ಬಿಗಿಯುತ್ತಿದ್ದರು. ಆದರೆ ನಡುವಿನ ಕೆಂಪು ಮಣ್ಣಿನ ಕಣಕ್ಕೆ ಪೈಲವಾನರ ಹೊರತು ಯಾರಾದರೂ ಕಾಲಿಟ್ಟರೆ ವಸ್ತಾದ ಮೈಮೇಲೆ ಹೋಗುತ್ತಿದ್ದ. ಕುಸ್ತಿಯ ದಿನವಂತೂ ಹೆಂಗಸರು ಗೇಟನ್ನೇ ದಾಟುವಂತಿರಲಿಲ್ಲ.

ಆ ಮಣ್ಣನ್ನು ಎಂದೂ ಹೊರಗೆ ಚೆಲ್ಲಿದವರಲ್ಲ. ವರ್ಷಕ್ಕೊಮ್ಮೆ ಅಗೆದು, ಅರಿಷಿಣ, ಎಳ್ಳೆಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದರು. ಮಜ್ಜಿಗೆ ಪೈಲವಾನರ ಮನೆಗಳಿಂದಲೇ ಬರಬೇಕು. ಕಸ್ತೂರೆವ್ವನ ಒಬ್ಬನೇ ಮಗ, ಪೈಲವಾನ ಭೂಪಾಲ, ಕಬ್ಬಿನ ಟ್ರ್ಯಾಕ್ಟರ್ ಪಲ್ಟಿಯಾಗಿ ತೀರಿಹೋದ. ಆಮೇಲೂ ಆ ತಾಯಿ ಮಜ್ಜಿಗೆ ಕಳಿಸುವುದನ್ನು ಬಿಡಲಿಲ್ಲ. ಪಾಪ, ಮಗನ ಒಂದು ಕುಸ್ತಿಯನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ.

ತೊಂಬತ್ನಾಲ್ಕರಲ್ಲಿ ಮೈದಾನ ಕೆಡವಿ ಅಂಗಡಿಸಾಲು ಕಟ್ಟುವುದು ಗಟ್ಟಿಯಾಯಿತು. ಕೊನೆಯ ಕುಸ್ತಿಯ ಹಿಂದಿನ ದಿನ ಕಸ್ತೂರೆವ್ವ ಬುಟ್ಟಿ ಹಿಡಿದು ಗೇಟಿನಾಚೆ ನಿಂತಳು.

"ಅಣ್ಣಾರ, ಒಂದ ಬುಟ್ಟಿ ಮಣ್ಣ ಕೊಡ್ರಿ. ನನ್ನ ಭೂಪಾಲನ ಬೆವರ ಐತ್ರಿ ಅದರಾಗ. ಮನ್ಯಾಗ ಇಟ್ಕೊಂತೀನಿ."

ವಸ್ತಾದ ಬುಟ್ಟಿಗೆ ಕೈ ಚಾಚಿದ. ಆದರೂ ತಲೆ ಅಲ್ಲಾಡಿಸಿದ. "ಈಗ ಆಗೂದಿಲ್ಲ, ತಂಗಿ. ನಾಳೆ ಕಡೀ ಕುಸ್ತಿ ಮುಗದು, ಕಾಯಿ ಒಡದು ಕಣಾ ಮುಚ್ಚೂತನಕ ಒಂದ ಹಿಡಿ ಮಣ್ಣೂ ಹೊರಗ ಹೋಗಬಾರದು. ನಾಡದ ಮುಂಜಾನೆ ಬಾ. ನೀನ ಕಣದ ಒಳಗ ಬಂದು ತುಂಬ್ಕೊ."

"ನಾ ಒಳಗ ಬರ್ಲ್ಯಾ?"

"ಬಾ. ನಿನ್ನ ಮಗಾ ಆಡಿದ ಜಾಗಾ ನೋಡು."

ಮರುದಿನ ಕುಸ್ತಿ ಮುಗಿಯಿತು, ಕಾಯಿ ಒಡೆದದ್ದೂ ಆಯಿತು. ಒಂದು ಬುಟ್ಟಿ ಮಣ್ಣು ತೆಗೆದಿಡಲು ಆಗ ಯಾರ ಅಡ್ಡಿಯೂ ಇರಲಿಲ್ಲ. ಆದರೆ ತಾಯಿಯೇ ತನ್ನ ಕೈಯಿಂದ ತುಂಬಿಕೊಳ್ಳಲಿ ಎಂದು ವಸ್ತಾದ ಹಾಗೇ ಬಿಟ್ಟು ಮನೆಗೆ ಹೋದ.

ಬೆಳಿಗ್ಗೆ ಬಂದು ನೋಡಿದರೆ ಕಣವಿದ್ದಲ್ಲಿ ಬರೀ ತಗ್ಗು. ಗುತ್ತಿಗೆದಾರನ ಆಳು, ಉತ್ತಮ ಎಂಬವನು, ಬೀಡಿ ಸೇದುತ್ತ ಕೂತಿದ್ದ.

"ಮೆತ್ತನ ಮಣ್ಣ ಛಲೋ ಇತ್ರಿ. ನಿನ್ನಿ ರಾತ್ರೀನ ಹೇರಿ ಹೊಸಾ ರಸ್ತಾದ ತಗ್ಗಿಗೆ ಹಾಕೇವಿ."

ಬೇರೆ ದಿನವಾಗಿದ್ದರೆ ಉತ್ತಮನ ಕಪಾಳ ಉಳಿಯುತ್ತಿರಲಿಲ್ಲ. ಅಂದು ವಸ್ತಾದ ಅವನತ್ತ ತಿರುಗಿಯೂ ನೋಡಲಿಲ್ಲ. ಅಲ್ಲಿದ್ದ ಒಂದು ಬುಟ್ಟಿ ಎತ್ತಿಕೊಂಡು ಆ ವಯಸ್ಸಿನಲ್ಲಿ ಹೊಸ ರಸ್ತೆಗೆ ಓಡಿದ. ಅಷ್ಟರಲ್ಲಿ ಮಣ್ಣಿನ ಮೇಲೆ ಖಡಿ ಬಿದ್ದು, ರೋಲರ್ ಉರುಳಿ, ಡಾಂಬರೂ ಆಗಿತ್ತು. ರಸ್ತೆಯ ಅಂಚನ್ನು ಉಗುರಿನಿಂದ ಕೆರೆದ. ಸಿಕ್ಕದ್ದು ಯಾವ ಮಣ್ಣೋ, ದೇವರೇ ಬಲ್ಲ.

ಕಸ್ತೂರೆವ್ವ ಗೇಟಿನಾಚೆಯೇ ಕಾಯುತ್ತಿದ್ದಳು. ಗೇಟು ಹಾರು ಹೊಡೆದಿತ್ತು, ತಡೆಯುವವರೂ ಇರಲಿಲ್ಲ. ಆದರೂ ಕರೆಯದೆ ಒಳಗೆ ಬಂದಿರಲಿಲ್ಲ. ವಸ್ತಾದ ತಂದ ಬುಟ್ಟಿಯಿಂದ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದಳು. ಮಗನ ಲಂಗೋಟಿಯನ್ನು ದಿನಾ ಒಗೆದವಳು, ಅರಿಷಿಣ, ಎಣ್ಣೆ, ಬೆವರಿನ ಆ ವಾಸನೆ ಅವಳಿಗೆ ಗೊತ್ತಿರದೆ ಇರುತ್ತದೆಯೇ? ಇದು ಡಾಂಬರು ನಾರುತ್ತಿತ್ತು.

"ಇದ ಐತೇನ್ರಿ ಅಣ್ಣಾರ?"

"ಇದ ಐತಿ, ತಂಗಿ," ಎಂದ ವಸ್ತಾದ ತಲೆ ತಗ್ಗಿಸಿ.

ಕಸ್ತೂರೆವ್ವ ಅವನ ಕೈ ನೋಡಿದಳು. ಉಗುರು ಕಿತ್ತು ರಕ್ತ ಸುರಿಯುತ್ತಿತ್ತು. ಅವಳು ಮತ್ತೊಮ್ಮೆ ಮಣ್ಣು ಮೂಸಿದಳು.

"ಹೌದ್ರಿ, ಇದ ಐತಿ. ನನ್ನ ಭೂಪಾಲನ ವಾಸನಿ ಬರಾಕತ್ತೈತಿ," ಎಂದು ಆ ಹಿಡಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಆಮೇಲೆ ಕಂಕುಳಲ್ಲಿದ್ದ ತಂಬಿಗೆ ಮುಂದೆ ಚಾಚಿದಳು. "ಕಣಕ್ಕ ಕಡೀದು ಅಂತ ಮಜ್ಜಿಗಿ ತಂದಿದ್ದೆ. ನೀವರ ಕುಡೀರಿ. ಬಾಯಿ ಒಣಗೈತಿ ನಿಮ್ದು."

ತನಗಾಗಿಯೇ ಅವಳು ಸುಳ್ಳು ಹೇಳಿದಳೆಂದು ವಸ್ತಾದನಿಗೆ ತಿಳಿಯಿತು. ತಂಬಿಗೆಯನ್ನು ಬಾಯಿಗೆ ಹಚ್ಚಿ ಕುಡಿದಂತೆ ಮಾಡಿದ. ಅವಳು ರಸ್ತೆಯ ತಿರುವು ದಾಟುವವರೆಗೂ ತಡೆದುಕೊಂಡ. ಆಮೇಲೆ ಖಾಲಿ ತಗ್ಗಿಗೆ ಇಳಿದು, ಮಜ್ಜಿಗೆಯನ್ನೆಲ್ಲ ಅಲ್ಲೇ ಸುರಿದು ಕೂತು ಅತ್ತ.