ಹೊತ್ತು ಮುಳುಗಿದ ಮೇಲಿನ ಗಂಜಿ

ತೋಡಾರಿನ ಪದವಿನ, ಆ ಮುರಕಲ್ಲಿನ ಬೋಳುಗುಡ್ಡದ ಮೇಲೆ ಆಶ್ವಯುಜದ ಸೂರ್ಯ ಇಳಿಯುವ ಹೊತ್ತು... ಹೊರಟುನಿಂತ ನಂಟನನ್ನು ಜಗಲಿಯಲ್ಲೇ ಮಾತಿಗೆ ನಿಲ್ಲಿಸಿಕೊಳ್ಳುವ ಹಿರಿಯರಂತೆ, ಆ ಕೆಂಪು ಕಲ್ಲು ದಿನದ ಬಿಸುಪನ್ನು ಬೇಗನೆ ಬಿಟ್ಟುಕೊಡುವುದಿಲ್ಲ. ಒಣಗತೊಡಗಿದ ಹುಲ್ಲಿನ ತುದಿಗಳಲ್ಲಿ ಹೊನ್ನಿನ ಕಂಪನ, ಪಡುವಣದ ತೆಳುಮೋಡಗಳಿಗೆ ಕೇಸರಿಯ ಅಂಚು! ಸಹೃದಯರು ನಿಂತು ಸವಿಯಬೇಕಾದ ಆ ಸೊಬಗು, ಪದವಿನ ಅಂಚಿನ ಮನೆಯ ಮುನಿರಾಜನ ಪಾಲಿಗೆ ಮಾತ್ರ ಗಡಿಯಾರ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು; ಆಮೇಲೆ ಒಂದು ತುತ್ತೂ ಇಲ್ಲ. ಜೈನರ ಆ ಮನೆಯಲ್ಲಿ ತಲೆಮಾರುಗಳಿಂದ ನಡೆದುಬಂದ ನಿಯಮವದು. ಮೂಡುಬಿದಿರೆ ಪೇಟೆಯ ತನ್ನ ಪಾತ್ರೆ ಅಂಗಡಿಯನ್ನು ಅವನು ಬೆಳಕಿರುವಾಗಲೇ ಮುಚ್ಚುತ್ತಿದ್ದುದೂ ಅದಕ್ಕೇ.

ಆ ಚಾತುರ್ಮಾಸದಲ್ಲಿ ಅವನ ಹೆಂಡತಿ ರಾಜಮತಿ ಸಂಜೆಯ ಊಟ ಬಿಟ್ಟಳು. ಕೇಳಿದವರಿಗೆ ಹಸಿವಿಲ್ಲ ಎಂದಳು. ದಿನಕ್ಕೊಂದೇ ಊಟದ ಏಕಾಶನ ವ್ರತ ಹಿಡಿದಿದ್ದಾಳೆಂದು ಬಸದಿಯ ಹೆಂಗಸರು ತಾವೇ ಅರ್ಥಮಾಡಿಕೊಂಡರು, ಮುನಿರಾಜನೂ ನಂಬಿದ. ವ್ರತಕ್ಕೆ ಭಂಗ ಬರಬಾರದೆಂದು ತನ್ನ ಹಾಸಿಗೆಯನ್ನು ಚಾವಡಿಗೆ ತಂದುಕೊಂಡ. ನಿದ್ದೆ ಬರುವ ತನಕ ಅದೂ ಇದೂ ಮಾತಾಡಿಕೊಂಡಿರುತ್ತಿದ್ದ ದಂಪತಿಯ ನಡುವೆ ಗೌರವವೆಂಬ ತೆಳುಪರದೆ ಇಳಿಯಿತು... ಬೆಳದಿಂಗಳಂತೆ ತಂಪು, ಬೆಳದಿಂಗಳಷ್ಟೇ ದೂರ!

ಅವಳ ಎಡಗಣ್ಣಿನ ರೆಪ್ಪೆ ಆಗಾಗ ಜೋಲತೊಡಗಿದಾಗ ವೈದ್ಯರ ಬಳಿ ಹೋದರು. ಬೆಳ್ತಂಗಡಿಯ ಕಣ್ಣಿನ ವೈದ್ಯರು ನೋಡುವಾಗ ರೆಪ್ಪೆ ನೆಟ್ಟಗಿತ್ತು. ಬಂಟ್ವಾಳದಲ್ಲಿ ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಎರಡೂ ನಡೆದವು. ಯಾವ ದೋಷವೂ ಕಾಣಲಿಲ್ಲ. ಉಪವಾಸದ ನಿತ್ರಾಣ ಎಂದರು ಒಬ್ಬರು, ಮನಸ್ಸಿನ ಚಿಂತೆ ಎಂದರು ಇನ್ನೊಬ್ಬರು. ಎಲ್ಲಿಗೆ ಹೋಗುವುದಿದ್ದರೂ ಮೊದಲ ಬಸ್ಸು, ಬೆಳಗಿನ ಮೊದಲ ಟೋಕನ್. ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಿ ಉಣ್ಣಬೇಕಲ್ಲ!

ಒಂದು ಸಂಜೆ ಎಂದಿಗಿಂತ ಬೇಗ ಬಂದ ಮುನಿರಾಜ ಹಿತ್ತಿಲಿಗೆ ಹೋದ. ಬಾವಿಕಟ್ಟೆಯ ಬಳಿ ರಾಜಮತಿ ನೀರು ಕುಡಿಯಲು ಹೆಣಗುತ್ತಿದ್ದಳು. ಕುಡಿದ ನೀರು ಮೂಗಿನಿಂದ ಹೊರಬಂತು. ಬೆರಳಿನಿಂದ ರೆಪ್ಪೆಯನ್ನು ಎತ್ತಿಹಿಡಿದು ಅವಳು ಗಂಡನನ್ನು ನೋಡಿದಳು...

"ವ್ರತ ಅಲ್ಲ," ಅಂದಳು. ದನಿ ಮೂಗಿನಲ್ಲೇ ಕರಗುತ್ತಿತ್ತು. "ಸಂಜೆಗೆ ನುಂಗ್ಲಿಕ್ಕೆ ಆಗುವುದಿಲ್ಲ. ಬೆಳಿಗ್ಗೆ ಎಲ್ಲ ಸರಿ ಉಂಟು."

"ನನ್ನಲ್ಲಾದರೂ ಹೇಳಬಾರದಿತ್ತಾ ಮಾರಾಯ್ತಿ?"

"ನೀವು ಹಾಸಿಗೆಯನ್ನೇ ಚಾವಡಿಗೆ ತಗೊಂಡು ಹೋದಿರಿ. ನನಗೆ ಎತ್ತಲಿಕ್ಕೆ ಅಂಗಡಿಯಿಂದ ಆರತಿ ತಟ್ಟೆ ತರುವುದು ಮಾತ್ರ ಬಾಕಿ ಇತ್ತು. ಯಾರಲ್ಲಿ ಹೇಳುವುದು?"

ಅವನು ಹೆಗಲ ವಸ್ತ್ರದಿಂದ ಅವಳ ಮುಖ ಒರೆಸಿದ. ಬೆಳಿಗ್ಗೆ ಸರಿ, ಸಂಜೆಗೆ ಸರಿಯಿಲ್ಲ. ವೈದ್ಯರಿಗೆ ತಾನು ತೋರಿಸುತ್ತ ಬಂದದ್ದು ಕಾಯಿಲೆಯಿಲ್ಲದ ರಾಜಮತಿಯನ್ನು!

"ನಾಳೆ ಸಂಜೆಗೇ ಹೋಗುವ," ಅಂದ. "ಹೊತ್ತು ಮುಳುಗಿದರೆ ಮುಳುಗಲಿ."

ಬಂಟ್ವಾಳಕ್ಕೆ ಸಂಜೆ ಬಂದುಹೋಗುವ ನರರೋಗ ತಜ್ಞೆ ಆಫ್ರಾ, ಕಣ್ಣು ಮೇಲೆತ್ತಿ ಸೂರನ್ನೇ ನೋಡುತ್ತಿರುವಂತೆ ರಾಜಮತಿಗೆ ಹೇಳಿದರು. ಸಂಜೆಯ ತಾವರೆಯ ದಳಗಳಂತೆ ಎರಡೂ ರೆಪ್ಪೆಗಳು ಮೆಲ್ಲಮೆಲ್ಲನೆ ಇಳಿದವು. ಮಂಜುಗಡ್ಡೆಯ ತುಂಡೊಂದನ್ನು ಕೈಗವಸಿನಲ್ಲಿ ಸುತ್ತಿ ಎಡಗಣ್ಣಿನ ಮೇಲಿಟ್ಟರು. ತುಸು ಹೊತ್ತು ಬಿಟ್ಟು ತೆಗೆದಾಗ, ತಂಪಿಗೆ ಚೇತರಿಸಿಕೊಂಡ ಆ ಕಣ್ಣು ತೆರೆದುಕೊಂಡಿತು. ಮದುವೆಯ ದಿನ ಅಂತರಪಟ ಸರಿದಾಗ ಕಂಡದ್ದೂ ಇದೇ ಕಣ್ಣು ಎಂಬುದು ಮುನಿರಾಜನಿಗೆ ನೆನಪಾಯಿತು...

ನರವೂ ಸ್ನಾಯುವೂ ಕೂಡುವಲ್ಲಿಯ ದೋಷವೆಂದು ವೈದ್ಯೆ ವಿವರಿಸಿದರು: ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿಯಿಂದ ಚೇತರಿಸಿಕೊಳ್ಳುತ್ತದೆ. ಸ್ನಾಯುಗಳ ಸೋಲು ಉಸಿರಿಗೂ ಮುಟ್ಟಬಹುದು. ಮನೆಗೆ ಹೋಗದೆ ನೇರ ಮಂಗಳೂರಿನ ಆಸ್ಪತ್ರೆಗೆ ಸೇರಿಸಬೇಕೆಂದರು. ಹಾಗೆಯೇ ಮಾಡಿದರು. ಅಲ್ಲಿ ಅವಳ ಹಾಸಿಗೆಯ ಪಕ್ಕದಲ್ಲಿ ಉಸಿರಾಟದ ಯಂತ್ರವೊಂದು ಸಿದ್ಧವಾಗಿ ನಿಂತಿತ್ತು. ಮುನಿರಾಜ ಪ್ರಾರ್ಥನೆಯನ್ನೂ ಮರೆತು ಅವಳ ಎದೆಯ ಏರಿಳಿತ ನೋಡುತ್ತ ಕುಳಿತ. ಯಂತ್ರದ ಅಗತ್ಯ ಬೀಳಲಿಲ್ಲ. ಕಾಯಿಲೆ ಪೂರ್ತಿ ಹೋಗುತ್ತದೆಂದು ಯಾರೂ ಹೇಳಲಿಲ್ಲ, ಮದ್ದಿನಿಂದ ಹಿಡಿತದಲ್ಲಿಡಬಹುದೆಂದರು.

ಬಿಡುಗಡೆಯ ದಿನ ಆಸ್ಪತ್ರೆಯಿಂದ ಹೊರಡುವುದೇ ತಡವಾಯಿತು. ತೋಡಾರು ಮುಟ್ಟುವಾಗ ಸೂರ್ಯ ಮುಳುಗಿ, ಪದವಿನ ಮೇಲೆ ಬೂದುಗೆಂಪು ಮಾತ್ರ ಉಳಿದಿತ್ತು. ಮಾತ್ರೆ ಕೊಟ್ಟು, ಅದು ಹಿಡಿಯುವ ತನಕ ಕಾದು, ಮುನಿರಾಜ ಗಂಜಿ ತಂದ.

"ಹೊತ್ತು ಮುಳುಗಿತಲ್ಲ," ಅಂದಳು ರಾಜಮತಿ.

"ಕಾಯಿಲೆಯವರಿಗೆ ವಿನಾಯಿತಿ ಉಂಟು."

ಅವಳು ತಟ್ಟೆಯಲ್ಲಿದ್ದ ಎರಡು ಬಟ್ಟಲುಗಳನ್ನು ನೋಡಿದಳು. "ನಿಮಗೆ ಯಾವ ಕಾಯಿಲೆ?"

ಅವನು ಅವಳ ಮೊದಲ ಗುಟುಕು ಕೆಮ್ಮಿಲ್ಲದೆ ಇಳಿಯುವುದನ್ನು ನೋಡಿ, ತನ್ನ ಬಟ್ಟಲನ್ನು ಎತ್ತಿಕೊಂಡ. ಹುಟ್ಟಿದಂದಿನಿಂದ ಮಾಡದ ಕೆಲಸವನ್ನು ಮಾಡಿದ. ಚಾವಡಿಯ ಹಾಸಿಗೆ ಆಗಲೇ ಒಳಗೆ ಬಂದಾಗಿತ್ತು.

ಮನುಷ್ಯಹೃದಯ ತನ್ನ ಪ್ರೀತಿಯನ್ನು ಎಷ್ಟೋ ಸಲ ಪೂಜೆಯ ಎತ್ತರದಲ್ಲಿ ಇರಿಸಿ, ಅದರ ಉಸಿರೂ ಕೇಳಿಸದಷ್ಟು ದೂರದಲ್ಲಿ ಕೈಮುಗಿದು ನಿಲ್ಲುತ್ತದೆ... ಆ ಜೀವವೋ, ಪಕ್ಕದಲ್ಲಿ ಇನ್ನೊಂದು ಬಟ್ಟಲು ಇದ್ದೀತೇ ಎಂದು ಕಾಯುತ್ತಿರುತ್ತದೆ. ಕತ್ತಲಾಗಿತ್ತು; ಹೊರಗೆ ಪದವಿನ ಕಲ್ಲು ಇನ್ನೂ ಬೆಚ್ಚಗಿತ್ತು.