ಬೋಳುತಲೆಗೆ ಹಚ್ಚಿದ ಎಣ್ಣೆ

"ಕೊರಳ ಗುಂಡಿ ಹಾಕ್ಬೇಡಪ್ಪಾ, ಅವ್ರಿಗೆ ಉಸಿರು ಕಟ್ಟುತ್ತೆ!"

ಶವಕ್ಕೆ ಇಸ್ತ್ರಿ ಅಂಗಿ ತೊಡಿಸುತ್ತಿದ್ದ ಮೆಕ್ಯಾನಿಕ್ ಗುಂಡಿ ಬಿಟ್ಟು ತಲೆ ಕೆರೆದುಕೊಂಡ. ಕೂಗಿದ ಸತ್ತವರ ಹೆಂಡತಿಗೇ ಮರುಗಳಿಗೆ ನಗು ಬಂತು. ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

ಬಾಗಿಲ ಬಳಿ ನಿಂತಿದ್ದವಳು ಮಾತ್ರ ನಗಲಿಲ್ಲ. ಸತ್ತವರು, ಅವಳ ಸಾರ್, ಬಸ್ ವರ್ಕ್‌ಶಾಪಿನಲ್ಲಿ ಎಂಜಿನ್ ಎಣ್ಣೆ ಪರೀಕ್ಷಿಸುತ್ತಿದ್ದವರು. ಈಗ ಆ ಕುರ್ಚಿ ಅವಳದು. ಇಪ್ಪತ್ತೆರಡು ವರ್ಷದಿಂದ ಒಂದು ಮಾತು ಅವಳ ಗಂಟಲಲ್ಲೇ ಉಳಿದಿತ್ತು. ಇವತ್ತೂ ಹೇಳದಿದ್ದರೆ ಇನ್ಯಾವತ್ತು?

"ಎಣ್ಣೆ ಮೂಸಿ ನೋಡಿ, ಹುಳಿ ತಿರುಗಿದೆ ಅನ್ನೋರು. ಮಿಷನ್ನು ಆಮೇಲೆ ಹೂಂ ಅನ್ನೋದು," ಎಂದ ಮೆಕ್ಯಾನಿಕ್. "ಒಂದೇ ಸಲ ಎಡವಿದ್ದು. ಏಳು ಬಸ್ಸಿನ ಒಳ್ಳೇ ಎಣ್ಣೆ ಸುರಿಸಿಬಿಟ್ರಲ್ಲ!"

* * *

ಆಗ ಅವಳು ಕೆಲಸಕ್ಕೆ ಸೇರಿ ಮೂರು ವಾರ. ಯಂತ್ರದ ಗಾಜಿನ ಮೇಲೆ ಎಣ್ಣೆಯ ಹನಿಯಿಟ್ಟು ಇನ್‌ಫ್ರಾರೆಡ್ ಬೆಳಕು ಬಿಟ್ಟರೆ, ಆಮ್ಲ ಸೇರಿ ಹುಳಿಯಾದ ಎಣ್ಣೆಗೆ ಅದು ಕಾಗದದ ಮೇಲೆ ಎಳೆಯುವ ಗೆರೆ ಗುಡ್ಡದಂತೆ ಏಳುತ್ತಿತ್ತು. ಸಾರ್‌ಗೆ ನೆಗಡಿಯಾಗಿ ಮೂಗು ಕಟ್ಟಿದ್ದ ಆ ಬೆಳಿಗ್ಗೆ ಏಳೂ ಬಸ್ಸಿಗೆ ಗುಡ್ಡ ಎದ್ದಿತು. ಹಳೆಯದನ್ನು ಸುರಿದು ಹೊಸ ಎಣ್ಣೆ ತುಂಬಿದರು. ಸಂಜೆ ಅದಕ್ಕೂ ಅದೇ ಗುಡ್ಡ!

ಸಾರ್ ಅವಳ ಜಡೆ ನೋಡಿದರು, ಬೆರಳು ನೋಡಿದರು. ತಲೆಗೆ ಎಣ್ಣೆ ಹಚ್ಚಿದ ಕೈಯಲ್ಲೇ ಅವಳು ಗಾಜು ಒರೆಸಿದ್ದಳು. ತಲೆಯೆಣ್ಣೆಯ ಗುಡ್ಡ ಏಳುವುದೂ ಆಮ್ಲದ ಗುಡ್ಡದ ಪಕ್ಕದಲ್ಲೇ.

ಮ್ಯಾನೇಜರ್ ಕೆಂಡವಾಗಿ ಬಂದರು. "ಯಾರು ಮಾಡಿದ್ದು?"

"ನಾನೇ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಕೊಂಡಿದ್ದೆ."

ಮ್ಯಾನೇಜರ್ ಸಾರ್ ಅವರ ನುಣ್ಣನೆಯ ಬೋಳುತಲೆಯನ್ನು ಬಹಳ ಹೊತ್ತು ನೋಡಿದರು. ಸಾರ್ ಕಣ್ಣು ಮಿಟುಕಿಸಲಿಲ್ಲ. ಅವರ ಬಡ್ತಿ ಎರಡು ವರ್ಷ ಮುಂದಕ್ಕೆ ಹೋಯಿತು, ಅವಳ ಕೆಲಸ ಉಳಿಯಿತು.

* * *

"ಅಮ್ಮಾ, ಆ ತಪ್ಪು ನಂದು," ಎಂದು ಅವಳು ಎಲ್ಲರೆದುರೇ ಅತ್ತುಬಿಟ್ಟಳು. "ಸಾರ್ ತಮ್ಮ ಮೇಲೆ ಹಾಕ್ಕೊಂಡ್ರು."

"ಗೊತ್ತಮ್ಮಾ! ಮದುವೆ ದಿನಾನೇ ಬೋಳಾಗಿದ್ದ ಮನುಷ್ಯ. ತಲೆಗೆ ಎಣ್ಣೆ ಹಚ್ದೆ ಅಂದ್ರೆ ನಾನು ನಂಬ್ತೀನಾ?"

ಅವರು ಬೀರುವಿನ ಬಾಗಿಲು ತೆರೆದರು. ಒಳಗೆ ಅಂಟಿಸಿದ್ದ ಹಳದಿ ಬಿದ್ದ ಕಾಗದದಲ್ಲಿ ಅದೇ ಗುಡ್ಡ. ಕೆಳಗೆ ಸಾರ್ ಅಕ್ಷರ: 'ಎಂಜಿನ್ ಚೆನ್ನಾಗಿದೆ. ಹುಡುಗಿಯ ಕೂದಲು ಇನ್ನೂ ಚೆನ್ನಾಗಿದೆ.'

"ಬೇಜಾರಾದಾಗೆಲ್ಲ ಇದನ್ನ ನೋಡಿ ನಗ್ತಿದ್ವಿ. ನೀನು ಇಷ್ಟು ವರ್ಷ ಅಳ್ತಿದ್ಯಾ, ಪೆದ್ದೀ?"

ಮೊದಲು ಕಿಸಕ್ಕೆಂದವನು ಮೆಕ್ಯಾನಿಕ್. ಆಮೇಲೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳಿಗೆ ಎದೆ ಹಗುರಾಯಿತು, ಸಾರ್ ಮೇಲಿನ ಪ್ರೀತಿ ಉಕ್ಕಿ ಬಂತು.

"ಅವ್ರ ಜೊತೆಗೇ ಕಳಿಸು," ಎಂದು ಅಮ್ಮ ಕಾಗದ ಬಿಡಿಸಿ ಕೊಟ್ಟರು. ಅವಳು ಕರ್ಚೀಫಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು, ಕಾಗದ ಮಡಚಿ ಸಾರ್ ಜೇಬಿಗೆ ಇಟ್ಟಳು. ಜೇಬು ಚಿಕ್ಕದು, ಗುಡ್ಡದ ತುದಿ ಹೊರಗೆ ಇಣುಕುತ್ತಲೇ ಇತ್ತು.