ಕೆಳಗೆ ಯಾರ ಹೆಸರಿದೆ?

ನಮ್ಮ ಹಳ್ಳಿ ದೋಲ್ನಾ ಬಾರಾದಲ್ಲಿ ಯಾರೂ ಯಾರನ್ನೂ ಸುಮ್ಮನೆ ನಂಬುವುದಿಲ್ಲ. ಹಾಲಿನವನ ಮೇಲೆ ಅನುಮಾನ, ಹವಾಮಾನ ವರದಿಯ ಮೇಲೆ ಅನುಮಾನ, ಮೇಯರ್ ನಕ್ಕರಂತೂ ಇಮ್ಮಡಿ ಅನುಮಾನ. ಮೂವತ್ತೊಂದು ವರ್ಷದಿಂದ ಇಲ್ಲಿ ಪಾಠ ಹೇಳುತ್ತಿರುವ ನನಗೂ ಈ ಗುಣ ಅಂಟಿದೆ. ಇಷ್ಟೆಲ್ಲ ಅನುಮಾನದ ಜನ ಫೋನಿನಲ್ಲಿ ಬಂದದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬುತ್ತಾರೆ. ಅದೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಅನುಮಾನವೆಲ್ಲ ಆ ಫೋನಿನ ಮೇಲೆಯೇ. ಮಕ್ಕಳ ಓದು ಹಾಳಾದದ್ದೇ ಅದರಿಂದ ಎಂದು ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಮೂರನೇ ತರಗತಿಯ ಕಲಿನಾಳನ್ನು ನೋಡಿದರೆ ಮೈ ಉರಿಯುತ್ತಿತ್ತು. ಫೋನಿನಲ್ಲಿ ಪಟಪಟ ಓದುತ್ತಾಳೆ, ಪುಸ್ತಕ ಕೊಟ್ಟರೆ ತಡವರಿಸುತ್ತಾಳೆ. ಸೆಪ್ಟೆಂಬರಿನ ಒಂದು ದಿನ ಅವಳನ್ನು ಓದಲು ಎಬ್ಬಿಸಿ ನಿಲ್ಲಿಸಿದೆ ನೋಡಿ, ಪುಸ್ತಕದ ಹಾಳೆಯ ಮೇಲೆ ಎರಡು ಬೆರಳಿಟ್ಟು ಅಗಲಿಸಿದಳು, ಫೋನಿನ ಪರದೆಯ ಮೇಲೆ ಮಾಡುತ್ತಾರಲ್ಲ, ಹಾಗೆ! ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ.

"ಪುಸ್ತಕಾನ ಫೋನು ಅಂದ್ಕೊಂಡ್ಯೇನೇ?" ಎಂದೆ.

"ಇಲ್ಲ ಟೀಚರ್. ಫೋನಲ್ಲಿ ಹಿಂಗ್ ಮಾಡಿದ್ರೆ ಅಕ್ಷರ ದೊಡ್ಡದಾಗುತ್ತೆ. ಇಲ್ಲಿ ಆಗ್ತಿಲ್ಲ."

ಪುಸ್ತಕ ಮುಚ್ಚಿಸಿದೆ. ಕಪ್ಪುಹಲಗೆಯ ಮೇಲೇನಿದೆ ಎಂದು ಕೇಳಿದೆ. "ಏನೋ ಬೆಳ್ಳಗಿದೆ" ಎಂದಳು. ಎರಡು ವರ್ಷ ಈ ಮಗುವನ್ನು ಸೋಮಾರಿ ಎಂದು ಬೈದಿದ್ದೆ. ನಾಚಿಕೆಯಾಯಿತು ನನಗೆ, ತುಂಬಾ ನಾಚಿಕೆಯಾಯಿತು.

ಪುಣ್ಯಕ್ಕೆ ಆ ಗುರುವಾರವೇ ಕಣ್ಣಿನ ಡಾಕ್ಟರರ ವ್ಯಾನು ಊರಿನ ವಾಚನಾಲಯದ ಮುಂದೆ ಬಂದು ನಿಲ್ಲಲಿತ್ತು. ಒಂದೇ ದಿನ. ಆಮೇಲೆ ಬರುವುದು ಮುಂದಿನ ವರ್ಷ. ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಸಾಕು. ಕಲಿನಾಳ ತಾಯಿ ಇಟಲಿಯಲ್ಲಿ ದುಡಿಯುತ್ತಾಳೆ, ಮಗುವಿನ ಹೊಣೆ ಅಜ್ಜಿ ವೆಲಿಕಾಳದು. ಪತ್ರ ಹಿಡಿದು ಅವರ ಮನೆಗೆ ಹೋದೆ.

ವೆಲಿಕಜ್ಜಿ ಅಂಗಳದಲ್ಲಿ ಕೂತು ಚಳಿಗಾಲಕ್ಕೆಂದು ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದರು. ಪತ್ರ ನೋಡಿದ್ದೇ ತಡ, ಇಕ್ಕಳ ಹಿಡಿದು ಎದ್ದು ನಿಂತರು.

"ಅದನ್ನ ಒಳಗೆ ತರಬೇಡಿ ಟೀಚರಮ್ಮ! ನಂಗೆಲ್ಲಾ ಗೊತ್ತು."

"ಏನಜ್ಜಿ ಗೊತ್ತು?"

"ಸಹಿ ಹಾಕಿದ್ರೆ ಮಗೂನ ಎತ್ಕೊಂಡು ಹೋಗ್ತಾರೆ. ಅಜ್ಜಿ ಸರಿಯಾಗಿ ನೋಡ್ಕೊಳ್ಳಲ್ಲ ಅಂತ ಬರ್ಕೊಂಡು ಯಾವ್ದೋ ದೇಶದೋರಿಗೆ ಕೊಟ್ಬಿಡ್ತಾರೆ. ಇಲ್ನೋಡಿ!"

ಫೋನು ನನ್ನ ಮೂಗಿಗೇ ತಂದರು. 'ತಾಯಂದಿರೇ ಎಚ್ಚರ! ಮಕ್ಕಳನ್ನು ಹೊತ್ತೊಯ್ಯುವ ಬಿಳಿ ವ್ಯಾನು ಬರುತ್ತಿದೆ. ಸಹಿ ಹಾಕಬೇಡಿ. ಕೂಡಲೇ ಹತ್ತು ಜನರಿಗೆ ಕಳಿಸಿ' ಎಂದಿತ್ತು.

"ಕಳಿಸಿದ್ರಾ?"

"ಹತ್ತಲ್ಲ, ಹದಿನಾಲ್ಕು ಜನಕ್ಕೆ!"

"ಅಯ್ಯೋ ಅಜ್ಜಿ, ಇದು ಶುದ್ಧ ಸುಳ್ಳು."

"ಸುಳ್ಳು ಅಂತ ನೀವು ಹೇಳ್ತೀರಿ. ನಿಜ ಆದ್ರೆ? ಮಗು ಹೋದ್ರೆ ನಿಮಗೇನು, ಹೋಗೋದು ನಂದು." ಹೇಳುತ್ತಲೇ ಮನೆ ಬಾಗಿಲಿಗೆ ಅಡ್ಡ ನಿಂತರು. ಆಗ ತಿಳಿಯಿತು, ಇದು ಹಟವಲ್ಲ, ಹೆದರಿಕೆ. ಬೈಯದೆ ಪತ್ರ ಮಡಚಿಕೊಂಡೆ.

ಸೋತು ಹೊರಟವಳು ಗೇಟಿನ ಬಳಿ ನಿಂತೆ. ಗೇಟಿನ ಮೇಲೆ ಅಜ್ಜಿಯ ಗಂಡ ಗವ್ರಿಲನ ಸಾವಿನ ಚೀಟಿ ಇತ್ತು. ಸತ್ತವರ ಚಿತ್ರ, ಹೆಸರು, ದಿನ, ಕೆಳಗೆ ಮನೆಯವರ ಹೆಸರು. ನಮ್ಮಲ್ಲಿ ಗೇಟಿಗೂ ಬೀದಿಯ ಕಂಬಕ್ಕೂ ಅಂಟಿಸುತ್ತೇವೆ, ವರ್ಷಾವರ್ಷ ಹೊಸದು ಹಚ್ಚುತ್ತೇವೆ. ಬ್ರೆಡ್ಡಿಗೆ ಹೋಗುವಾಗ ವೆಲಿಕಜ್ಜಿ ಒಂದೊಂದು ಕಂಬಕ್ಕೂ ನಿಂತು ಓದದೆ ಮುಂದೆ ಹೋಗುವವರಲ್ಲ. ತಿರುಗಿ ಬಂದೆ.

"ಅಜ್ಜಿ, ಹೋದ ಚಳಿಗಾಲ ನಮ್ಮೂರ ಮಿಂಚೋ ಸತ್ತ ಅಂತ ಫೋನಲ್ಲಿ ಬಂದಿತ್ತಲ್ಲ?"

"ಬಂದಿತ್ತು! ಅವನ ಹೆಸರಲ್ಲಿ ಹಂಚೋಕೆ ಅಂತ ಅರ್ಧ ಊರು ಗೋಧಿ ಬೇಯಿಸ್ಬಿಡ್ತು. ಆ ಮಹಾರಾಯ ನೋಡಿದ್ರೆ ಕಾಫಿ ಅಂಗಡೀಲಿ ಇಸ್ಪೀಟಾಡ್ತಾ ಕೂತಿದ್ದ."

"ನೀವು ಬೇಯಿಸಿದ್ರಾ?"

"ನಾನ್ಯಾಕೆ ಬೇಯಿಸ್ಲಿ? ಅವನ ಗೇಟಿನ ಮೇಲೆ ಚೀಟೀನೇ ಇರ್ಲಿಲ್ಲ. ದಿನ ಇರ್ಬೇಕು, ಕೆಳಗೆ ಮನೆಯೋರ ಹೆಸರಿರ್ಬೇಕು. ಹೆಸರು ಹಾಕೋರಿಲ್ದೆ ಸತ್ತ ಅಂದ್ರೆ ನಂಬೋಕಾಗುತ್ತೇನ್ರೀ?"

"ಹಾಗಾದ್ರೆ ಈ ಮೆಸೇಜಿನ ಕೆಳಗೆ ಯಾರ ಹೆಸರಿದೆ?"

ಅಜ್ಜಿ ಬೆರಳಲ್ಲಿ ಮೇಲೆ ತಳ್ಳಿದರು, ಕೆಳಗೆ ತಳ್ಳಿದರು. ಹಿಂದೆ ಮೆಣಸಿನಕಾಯಿ ಸೀಯುತ್ತಿತ್ತು.

"ಇಲ್ಲ."

"ದಿನ?"

"ಅದೂ ಇಲ್ಲ."

"ನಿಮಗೆ ಯಾರು ಕಳಿಸಿದ್ದು?"

"ದೊಬ್ರಿನಾ. ಅವಳಿಗೆ ಅವಳ ನಾದಿನಿ. ಆ ನಾದಿನಿಗೆ..." ಅಜ್ಜಿ ನಿಲ್ಲಿಸಿದರು. "ಥೂ! ಯಾವ ಊರಿನ ವ್ಯಾನು ಅಂತಾನೂ ಇಲ್ವಲ್ರೀ ಇದ್ರಲ್ಲಿ!"

"ಈಗ ನನ್ನ ಪತ್ರಾನೂ ಹಾಗೇ ಓದಿ. ನನ್ನನ್ನೂ ನಂಬಬೇಡಿ."

ಓದಿದರು. ಬೆರಳಿಟ್ಟು, ಒಂದು ಪದ ಬಿಡದೆ. ಡಾಕ್ಟರರ ಹೆಸರು, ದಿನ, ಮೊಹರು. ಅಷ್ಟಕ್ಕೂ ಬಿಡದೆ, ನನ್ನ ಹತ್ತಿರ ಜಿಲ್ಲಾ ಆರೋಗ್ಯ ಕಚೇರಿಯ ನಂಬರ್ ಕೇಳಿ ಫೋನು ಮಾಡಿ, ಆ ಡಾಕ್ಟರಮ್ಮ ಯಾರ ಮಗಳು, ಯಾವ ಊರಿನವಳು ಎಂದೆಲ್ಲ ವಿಚಾರಿಸಿದರು. ಕೊನೆಗೆ ಸಹಿ ಹಾಕಿದರು.

"ನಾನೂ ವ್ಯಾನೊಳಗೆ ಬರ್ತೀನಿ. ಮಗು ಕೈ ಬಿಡಲ್ಲ."

"ಬನ್ನಿ, ಬರಲೇಬೇಕು."

ಅಂದೇ ಆ ಹದಿನಾಲ್ಕು ಜನರಿಗೆ ಇನ್ನೊಂದು ಸಂದೇಶ ಹೋಯಿತು. 'ನಾನು ಕಳಿಸಿದ್ದು ಸುಳ್ಳು. ಕಚೇರಿಗೆ ಫೋನು ಮಾಡಿ ಕೇಳಿದೆ. ಮಕ್ಕಳನ್ನು ಕರೆತನ್ನಿ.' ಕೆಳಗೆ ದಿನ, ಅದರ ಕೆಳಗೆ: ವೆಲಿಕಾ ತೋಶೆವಾ, ಮೇಲಿನ ಬೀದಿ, ಹಸಿರು ಗೇಟು. ನಮ್ಮ ಊರಿನ ಮಕ್ಕಳೆಲ್ಲ ಬಂದರು. ಆದರೆ ಮೊದಲ ಸಂದೇಶ ಅಷ್ಟರಲ್ಲಿ ಹೊಳೆ ದಾಟಿಬಿಟ್ಟಿತ್ತು. ಆಚೆ ಊರಿನಿಂದ ಒಂದು ಮಗುವೂ ಬರಲಿಲ್ಲ. ಅಜ್ಜಿಗೆ ಆ ಸಂಕಟ ಇನ್ನೂ ಹೋಗಿಲ್ಲ.

ವ್ಯಾನಿನಲ್ಲಿ ಅಜ್ಜಿ ಕಲಿನಾಳ ಲಂಗ ಹಿಡಿದೇ ಕೂತಿದ್ದರು. ಇನ್ನೂ ತಡಮಾಡಿದ್ದರೆ ಎಡಗಣ್ಣಿನ ನೋಟ ಮತ್ತೆ ಸರಿಹೋಗುವುದು ಕಷ್ಟವಿತ್ತು ಎಂದರು ಡಾಕ್ಟರಮ್ಮ. ಎರಡು ವಾರಕ್ಕೆ ಕನ್ನಡಕ ಬಂತು. ಹಾಕಿಸಿ ನಾನೇ ಮನೆತನಕ ಕರೆತಂದೆ. ಗೇಟಿನ ಮುಂದೆ ಹುಡುಗಿ ನಿಂತುಬಿಟ್ಟಳು. ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಅಜ್ಜೀ, ತಾತಂಗೆ ಮೀಸೆ ಇತ್ತಾ?"

ದಿನಕ್ಕೆ ಹತ್ತು ಸಲ ಆ ಚಿತ್ರದ ಮುಂದೆಯೇ ಓಡಾಡಿದ ಮಗು ಅದು. ವೆಲಿಕಜ್ಜಿ ಅವಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಅನುಮಾನ ಪಡಿ, ನಾನು ಬೇಡ ಎನ್ನುವುದಿಲ್ಲ. ಫೋನಿನ ಮೇಲೂ ಪಡಿ. ಹತ್ತು ಜನರಿಗೆ ಕಳಿಸಿ ಎನ್ನುವ ಸಂದೇಶ ಬಂದರೆ ಮೊದಲು ಕೊನೆಯವರೆಗೆ ಓದಿ, ಹೇಳಿದವರು ಯಾರು, ಯಾವತ್ತು ಎಂದು ಹುಡುಕಿ. ಸಿಗಲಿಲ್ಲವೇ? ನಿಮ್ಮಲ್ಲೇ ಇರಲಿ ಬಿಡಿ, ಮುಂದೆ ಹೋಗುವುದು ಬೇಡ. ಮತ್ತೆ, ನಿಮ್ಮ ಮಗು ಪುಸ್ತಕಕ್ಕೆ ಮೂಗು ತಾಗಿಸಿ ಓದುತ್ತಿದ್ದರೆ ನನ್ನ ಹಾಗೆ ಬೈಯಬೇಡಿ, ಇವತ್ತೇ ಕಣ್ಣು ತೋರಿಸಿ. ಇದನ್ನು ಹೇಳುತ್ತಿರುವವಳು ಯಾರು ಎಂದು ನೀವು ಕೇಳಬೇಕು. ಕೇಳಿದಿರಾದರೆ, ಕೆಳಗೆ ನೋಡಿ.

ನೆದ್ಯಾಲ್ಕಾ ಪೆಯೆವಾ, ಶಿಕ್ಷಕಿ
ದೋಲ್ನಾ ಬಾರಾ, ವಾಚನಾಲಯದ ಎದುರು ಮನೆ